ಅಲ್ಲಿ ಈಗ ಮೊದಲಿನ ಹಾಗೆ ಇಲ್ಲ

ಪಾತುಮ್ಮನ ಬಾಟಲಿಯನ್ನು ಯಾವ ಮೂಲೆಗೆ ತುರುಕಿದರೂ ಪೆಟ್ಟಿಗೆಯ ಮುಚ್ಚಳ ಕೂರುತ್ತಿರಲಿಲ್ಲ. ನಿಝಾರ್ ಅದನ್ನು ಹೊರಗೆ ತೆಗೆದ, ಶಮ್ನಾ ಮಡಚಿಟ್ಟ ಅಂಗಿಗಳ ನಡುವೆ ಮಲಗಿಸಿದ, ಸರಿ ಕಾಣದೆ ಮತ್ತೆ ತೆಗೆದ. ಸಿಗಡಿ ಚಟ್ನಿಯಂತೆ. ಸೌದಿಯ ದಮ್ಮಾಮಿನಲ್ಲಿರುವ ಮಗನಿಗಂತೆ. ಆ ಮಗನಿಗೆ ಅಲ್ಲಿ ಸಿಗಡಿ ಸಿಗುವುದಿಲ್ಲವೇ, ಇಡೀ ಸಮುದ್ರವೇ ಬಾಗಿಲಲ್ಲಿ ಬಿದ್ದುಕೊಂಡಿದೆಯಲ್ಲ ಎಂದು ಹೇಳಬೇಕೆನಿಸಿತು. ನೆರೆಮನೆಯ ಆ ಮುದುಕಿ ದಾರಂದಕ್ಕೆ ಒರಗಿ ನಿಂತು, ತಲೆಯ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ, ತನ್ನ ಬಾಟಲಿ ಒಳಗೆ ಹೊರಗೆ ಆಗುವುದನ್ನೇ ನೋಡುತ್ತಿದ್ದಳು. "ಗಟ್ಟಿ ಮುಚ್ಚಿದ್ದೇನೆ ಮಗಾ, ಎಣ್ಣೆ ಸೋರುದಿಲ್ಲ," ಎಂದಳು. "ಸೋರುವ ಮಾತಲ್ಲ ಪಾತುಮ್ಮ, ಭಾರದ ಮಾತು. ಮೂವತ್ತು ಕಿಲೋದ ಮೇಲೆ ಒಂದು ಚೂರು ಬಿಡುದಿಲ್ಲ ಅವರು." ತನ್ನ ಸ್ವರದ ಸಿಡುಕು ಅವನಿಗೇ ಕೇಳಿಸಿತು. ಯಾರು ಅವರು? ಯಾವ ವಿಮಾನದವರು? ಟಿಕೆಟೇ ಇಲ್ಲದವನು ಒಬ್ಬ ಮುದುಕಿಯೆದುರು ಕಿಲೋ ಲೆಕ್ಕ ಹೇಳುತ್ತಿದ್ದೇನಲ್ಲ, ಥೂ, ಎಂದುಕೊಂಡ. ಆದರೂ ಕೈ ತನ್ನಷ್ಟಕ್ಕೆ ಪುನರ್ಪುಳಿಯ ಪೊಟ್ಟಣವನ್ನು ಸರಿಸಿ ಬಾಟಲಿಗೆ ಜಾಗ ಮಾಡುತ್ತಿತ್ತು.

ಟಿಕೆಟ್ ಇಲ್ಲ. ವೀಸಾ ಇಲ್ಲ. ದಮ್ಮಾಮಿನ ಆ ಗೋದಾಮಿನಲ್ಲಿ ಅವನ ಕುರ್ಚಿ ಇಲ್ಲ, ಗೋದಾಮು ನಡೆಸುತ್ತಿದ್ದ ಕಂಪೆನಿಯೂ ಇಲ್ಲ. ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್, ಅಂದರೆ ಇನ್ನು ಮರಳಲಾಗದ ಮುದ್ರೆ, ಹೊಡೆಸಿಕೊಂಡು ಬಂದವನು ತಾನು ಎಂಬುದು ಇಡೀ ವಾಮದಪದವಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ, ಹೆಂಡತಿ ಶಮ್ನಾಗೂ ಗೊತ್ತಿಲ್ಲ. ಹೇಳಬಾರದೆಂದು ಹಟ ಹಿಡಿದದ್ದೇನೂ ಅಲ್ಲ. ವಿಮಾನ ಇಳಿದ ದಿನವೇ ಹೇಳಿಬಿಡುವ ಎಂದಿದ್ದ. ಆದರೆ ನಿಲ್ದಾಣದ ಹೊರಗೆ ಶಮ್ನಾ ಹೊಸ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಅದು ಕಚ್ಚುತ್ತಿರಬೇಕು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಗುತ್ತಿದ್ದಳು. ಆ ಚಪ್ಪಲಿಯೆದುರು ಹೇಳಲಾಗಲಿಲ್ಲ. ಮರುದಿನ ಮನೆ ತುಂಬ ಜನ. ಅದರ ಮರುದಿನ ಪೆಟ್ಟಿಗೆ ಬಿಡಿಸುವ ಸಂಭ್ರಮ, ಯಾರಿಗೆ ಅತ್ತರು, ಯಾರಿಗೆ ಟಾರ್ಚು, ಯಾರಿಗೆ ಹಾಲಿನ ಪುಡಿ. ಕೆಲಸ ಹೋದವನು ಕೂಡ ಖಾಲಿ ಕೈಯಲ್ಲಿ ಬರುವ ಹಾಗಿಲ್ಲವಲ್ಲ; ಕೊನೆಯ ಸಂಬಳದ ಬಹುಪಾಲು ಹಾಗೆ ಎಲ್ಲರ ಕೈಗೆ ಹಂಚಿಹೋಗಿತ್ತು. ಹಂಚಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳದೆ ಉಳಿದ ಒಂದೊಂದು ದಿನವೂ ಮರುದಿನದ ಬಾಯಿಗೆ ಇನ್ನೊಂದು ಬೀಗ ಹಾಕುತ್ತ ಹೋಯಿತು.

ಈ ಊರಿನಲ್ಲಿ ರಜೆಗೆ ಬಂದವನನ್ನು ಸೌಖ್ಯವಾ ಎಂದು ಯಾರೂ ಕೇಳುವುದಿಲ್ಲ. ರಜೆ ಎಷ್ಟುಂಟು ಎಂದು ಕೇಳುತ್ತಾರೆ. ಮಸೀದಿಯ ಮೆಟ್ಟಿಲಲ್ಲಿ, ಕ್ಷೌರದಂಗಡಿಯಲ್ಲಿ, ಮೀನಿನವನ ಬುಟ್ಟಿಯ ಮುಂದೆ, ಸಲಾಮಿನ ಬೆನ್ನಿಗೇ ಅದು. ಮೊದಲು ನಕ್ಕು ತಪ್ಪಿಸಿದ. ಆಮೇಲೆ ಪ್ರಶ್ನೆಗೆ ಮೊನೆ ಬಂತು: "ಇನ್ನೂ ಹೋಗ್ಲಿಲ್ವಾ ನಿಝಾರಾಕ?" ಕ್ಷೌರದ ಕುರ್ಚಿಯಲ್ಲಿ ಕೂತಿದ್ದವನೊಬ್ಬ ಸೋಪಿನ ನೊರೆಯೊಳಗಿಂದಲೇ ಹಾಗೆ ಕೇಳಿದ ದಿನ ಅವನ ತಲೆ ಕೆಟ್ಟಿತು, "ಬರುವ ಆದಿತ್ಯವಾರ ಹೊರಡುದು" ಎಂದುಬಿಟ್ಟ. ಅದೊಂದು ಮಾತು ಸಾಕಾಯಿತು. ಹೊರಡುವ ದಿನ ಬಾಯಿಂದ ಬಿದ್ದರೆ ಇಲ್ಲಿ ಪೊಟ್ಟಣಗಳು ನಡೆದು ಬರುತ್ತವೆ. ಹಿಂದಿನ ಮನೆಯ ರಶೀನಾ ಅಲ್ಲಿರುವ ತನ್ನ ಗಂಡನಿಗೆ ಕುಚ್ಚಲಕ್ಕಿ ತಂದಳು, ಕೆಳಗಿನ ಮನೆಯವರು ತಲೆಗೆಣ್ಣೆ, ಗುಡ್ಡೆಯ ಮೇಲಿನವರು ಕಷಾಯದ ಪುಡಿ, ಹುರುಳಿ, ನೇಂದ್ರ ಬಾಳೆಯ ಚಿಪ್ಸು. ಯಾರಿಗೂ ಬೇಡ ಎನ್ನುವ ಹಾಗಿಲ್ಲ. ತಾನು ಅಲ್ಲಿದ್ದ ವರ್ಷಗಳಲ್ಲಿ ಶಮ್ನಾ ಕಳಿಸಿದ ಉಪ್ಪಿನಕಾಯಿಯನ್ನು ಹೀಗೆಯೇ ಯಾರ್ಯಾರೋ ಹೊತ್ತು ತಂದಿದ್ದರು. ಈ ಪೆಟ್ಟಿಗೆಯನ್ನು ಮಂಗಳೂರಿನಿಂದ ಕಾರ್ಗೋದಲ್ಲಿ ಹಾಕಿ, ತಾನು ಒಂದು ಲಾಡ್ಜಿನಲ್ಲಿ ಕೂತು ಏನಾದರೂ ಹುಡುಕಿಕೊಳ್ಳುವುದು, ಅಷ್ಟರವರೆಗೆ ಅವನ ಯೋಚನೆ ಬಂದಿತ್ತು.

ಇಷ್ಟೇ ಆಗಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಸುಳ್ಳು ಅವನದು, ಉರಿ ಅವನದು. ಆದರೆ ಅಂಗಳದಲ್ಲಿ ರಿಕ್ಷಾದ ಹಾರ್ನು ಕೇಳಿತು, ಶಮ್ನಾಳ ತಮ್ಮ ಇಹ್ಸಾನ್ ಚಪ್ಪಲಿ ಕಳಚುತ್ತಲೇ "ಭಾವ, ರೆಡಿಯಾ?" ಎಂದು ಕೂಗಿದ. ಇವತ್ತು ಇಹ್ಸಾನ್ ಆ ರಿಕ್ಷಾವನ್ನು ಮಾರುತ್ತಾನೆ. ಪೆಟ್ಟಿಗೆಯನ್ನು ಪಾಣೆಮಂಗಳೂರಿನಲ್ಲಿ ಕಟ್ಟಿಸಿ, ಅಲ್ಲಿಂದ ಹತ್ತಿರದ ಮೇಲ್ಕಾರಿಗೆ ಹೋಗಿ ಕಾಗದಕ್ಕೆ ಸಹಿ ಹಾಕುವುದು, ಆ ದುಡ್ಡನ್ನು ನಾಳೆ ವೀಸಾದ ಏಜೆಂಟನಿಗೆ ಕಟ್ಟುವುದು. ಬರುವುದು ಫ್ರೀ ವೀಸಾ. ಅಂದರೆ ಹೋಗಿ ಇಳಿದ ಮೇಲೆ ಕೆಲಸವನ್ನು ತಾನೇ ಹುಡುಕಿಕೊಳ್ಳಬೇಕು. ಎಷ್ಟು ಚಂದದ ಹೆಸರು ಇಟ್ಟಿದ್ದಾರೆ ನೋಡಿ. ಹುಡುಕಿಕೊಡಲು ಯಾರಿದ್ದಾರೆ ಎಂದು ಶಮ್ನಾ ಕೇಳಿದ್ದಕ್ಕೆ ಇಹ್ಸಾನ್, "ಭಾವ ಇಲ್ವಾ ಅಲ್ಲಿ?" ಎಂದಿದ್ದ. ಊಟದ ಮುಂದೆ ಕೂತಿದ್ದ ನಿಝಾರ್ ತಟ್ಟೆಗೆ ಇನ್ನಷ್ಟು ಸಾರು ಬಡಿಸಿಕೊಂಡಿದ್ದ. ಹೇಳುವುದಿದ್ದರೆ ಇವತ್ತು, ಮೇಲ್ಕಾರು ತಲುಪುವ ಮೊದಲು. ಗಾಡಿ ಕೈಬಿಟ್ಟ ಮೇಲೆ ಹೇಳಿ ಏನು ಸುಖ?

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಏರಿಸಿದರು, ನಿಝಾರ್ ಅದರ ಪಕ್ಕ ಒತ್ತಿಕೊಂಡು ಕೂತ. ಜಂಕ್ಷನ್ನಿನಲ್ಲಿ ಸ್ಟ್ಯಾಂಡಿನ ರಿಕ್ಷಾದವರು ಕೈಯೆತ್ತಿದರು. ಔಷಧಿ ಅಂಗಡಿಯ ಅಣ್ಣು ಹೊರಗೆ ಬಂದು, "ಇಹ್ಸಾನ್, ಸಂಜೆ ಅಮ್ಮನನ್ನು ಡಾಕ್ಟ್ರಲ್ಲಿಗೆ ಕರ್ಕೊಂಡು ಹೋಗ್ಲಿಕ್ಕುಂಟು ಮಾರಾಯ" ಎಂದ. "ಇನ್ನು ಬೇರೆಯವರಿಗೆ ಹೇಳಿ ಅಣ್ಣು, ನನ್ನದು ಇವತ್ತಿಗೆ ಮುಗೀತು," ಎಂದು ಇಹ್ಸಾನ್ ನಕ್ಕ. ಅಣ್ಣುವಿನ ಮುಖ ಇಳಿದದ್ದನ್ನು ನಿಝಾರ್ ನೋಡಿದ. ಬೆಳಿಗ್ಗೆ ಶಾಲೆಯ ಮಕ್ಕಳು, ಆಮೇಲೆ ಅಡಿಕೆ ಮೂಟೆ, ಮಧ್ಯಾಹ್ನ ಬಾಣಂತಿಯರು, ಸಂಜೆ ಬಂಟ್ವಾಳದಿಂದ ತರಕಾರಿ. ಮನೆಮನೆಯವರ ಫೋನಿನಲ್ಲೂ ಇವನ ನಂಬರು. ಈ ಹುಡುಗ ಇಲ್ಲಿ ತಿಂಗಳಿಗೆ ಎಷ್ಟು ಮಿಗಿಸುತ್ತಾನೋ ಅಷ್ಟನ್ನು ಅಲ್ಲಿ ಕೆಲಸ ಸಿಕ್ಕಿದರೂ ಮಿಗಿಸಲಾರ. ಸಿಗದಿದ್ದರೆ ಕೇಳುವುದೇ ಬೇಡ. ಇದನ್ನು ನಿಝಾರ್ ಮನಸ್ಸಿನಲ್ಲಿ ಕೂಡಿ ಕಳೆದು ಭಾಗಿಸಿ ನೋಡಿದ್ದ, ಹೇಗೆ ಮಾಡಿದರೂ ಅದೇ ಉತ್ತರ. ಆದರೆ ಹೆಣ್ಣು ನೋಡಲು ಹೋದಲ್ಲಿ ಇಹ್ಸಾನ್ ಏನು ಮಾಡ್ತಾನೆ ಎಂದು ಕೇಳಿರಲಿಲ್ಲ, ಎಲ್ಲಿದ್ದಾನೆ ಎಂದು ಕೇಳಿದ್ದರು. ವಾಮದಪದವಿನಲ್ಲಿ ಎಂಬ ಉತ್ತರಕ್ಕೆ ಚಹಾ ಮಾತ್ರ ಕೊಟ್ಟು ಕಳಿಸಿದ್ದರು. ಅತ್ತೆ ಜುಲೈಕಾ, ಇಹ್ಸಾನನ ಉಮ್ಮ, ಆ ಚಹಾವನ್ನು ಇನ್ನೂ ಮರೆತಿಲ್ಲ.

ಬಂಟ್ವಾಳದ ಕಡೆಗೆ ರಸ್ತೆ ಇಳಿಯುತ್ತಿತ್ತು. ಈಗ ಹೇಳುವ, ಆ ತಿರುವು ದಾಟಲಿ ಎಂದುಕೊಂಡ. ತಿರುವು ದಾಟಿತು. ಎದುರಿನಿಂದ ಬಸ್ಸು ಬಂತು, ಅದು ಹೋಗಲಿ ಎಂದುಕೊಂಡ. ಕೊನೆಗೆ ಕನ್ನಡಿಯಲ್ಲಿ ಕಾಣುತ್ತಿದ್ದ ಇಹ್ಸಾನನ ಹುಬ್ಬುಗಳನ್ನು ನೋಡುತ್ತ, "ಗಾಡಿ ಮಾರುದು ಸ್ವಲ್ಪ ಮುಂದೆ ಹಾಕುವನಾ?" ಎಂದ. "ಯಾಕೆ ಭಾವ?" "ಅಲ್ಲ, ಅಲ್ಲಿ ಈಗ ಮೊದಲಿನ ಹಾಗೆ ಇಲ್ಲ." ಕನ್ನಡಿಯ ಹುಬ್ಬುಗಳು ಕುಣಿದವು. ಇಹ್ಸಾನ್ ಗಟ್ಟಿಯಾಗಿ ನಗುತ್ತಿದ್ದ. "ನೀವೂ ಶುರು ಮಾಡಿದ್ರಾ ಭಾವ! ನಿಮ್ಮ ಬಾಯಲ್ಲಿ ಬರ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ." ಹೌದು, ಅದು ಎಲ್ಲರೂ ಹೇಳುವ ಮಾತು. ಅಲ್ಲಿ ಎರಡು ಅಂಗಡಿ ಇಟ್ಟವನೂ ಊರಿಗೆ ಬಂದಾಗ ಅದನ್ನೇ ಹೇಳುತ್ತಾನೆ, ಯಾರ ತಮ್ಮನನ್ನೂ ಯಾರ ಅಳಿಯನನ್ನೂ ಕರೆದುಕೊಂಡು ಹೋಗುವ ಗೋಳು ಬೇಡವೆಂದು. ತಾನು ಮೊದಲ ಸಲ ಹೊರಟಾಗ ಒಬ್ಬ ಹಾಗೆ ಹೇಳಿದ್ದ. ಅವನ ಕೈಯಲ್ಲಿ ಹೊಳೆಯುವ ವಾಚು ಇತ್ತು, ವಾಚನ್ನು ನೋಡುತ್ತ ತಾನು ಮನಸ್ಸಿನಲ್ಲಿ ನಕ್ಕಿದ್ದ, ಏಣಿ ಹತ್ತಿದವನು ಏಣಿ ಎಳೆದುಕೊಳ್ಳುತ್ತಾನೆ ಎಂದು. ಸತ್ಯ ಹೇಳಲು ಇರುವ ಒಂದೇ ಒಂದು ಮಾತನ್ನು ಸುಳ್ಳು ಹೇಳುವವರು ಮೊದಲೇ ಸವೆಸಿಟ್ಟಿದ್ದಾರೆ. ಅವನಿಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಪೆಟ್ಟಿಗೆಗೆ ಮೊಣಕೈಯಿಂದ ಒಂದು ಗುದ್ದು ಕೊಟ್ಟ. ನೋವಾದದ್ದು ಮೊಣಕೈಗೆ.

ಇವನಿಗೆ ಹೇಗೆ ತಿಳಿಸಲಿ, ದಮ್ಮಾಮಿನ ಆ ಕೋಣೆಯ ಬೆಳಗನ್ನು? ಎಂಟು ಮಂಚದ ಕೋಣೆ. ಕೆಲಸ ಹೋದ ಮೇಲೂ ಅವನು ಎಲ್ಲರೊಟ್ಟಿಗೆ ಎದ್ದು, ಅಂಗಿಗೆ ಇಸ್ತ್ರಿ ಹಾಕಿ, ಎಲ್ಲರೊಟ್ಟಿಗೆ ಬಾಗಿಲು ದಾಟುತ್ತಿದ್ದ. ಅವರು ಬಸ್ಸು ಹತ್ತಿದ ಮೇಲೆ ಎತ್ತ ಹೋಗುವುದೆಂದು ತಿಳಿಯದೆ ಶಾಪಿಂಗ್ ಮಾಲಿನಲ್ಲಿ ಕೂರುತ್ತಿದ್ದ, ತಣ್ಣಗಿನ ಗಾಳಿಗೆ ಯಾರೂ ದುಡ್ಡು ಕೇಳುವುದಿಲ್ಲ. ಕೆಲಸಕ್ಕೆ ಜನ ಒದಗಿಸುವ ಒಂದು ಆಫೀಸಿನ ಮುಂದೆ ಸಾಲು ನಿಲ್ಲುತ್ತಿತ್ತು. ಸಾಲಿನಲ್ಲಿ ಪ್ರತಿಯೊಬ್ಬನೂ ತನ್ನ ಹಿಂದೆ ಮುಂದೆ ನಿಂತವರನ್ನು ನೋಡಿ, ಪಾಪ ಇವರಿಗೆ ಸಿಗಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದ. ಒಬ್ಬನನ್ನು ಒಳಗೆ ಕರೆದರೆ ಅವತ್ತು ಉಳಿದವರ ಮುಖದಲ್ಲೂ ಕಳೆ. ಅವನಿಗೆ ಸಿಕ್ಕಿತಲ್ಲ, ನಾಳೆ ಬರಬೇಕು. ಸಿಕ್ಕಿದವನಿಂದಲೇ ಸಾಲು ಉದ್ದವಾಗುತ್ತಿತ್ತು. ಕೋಣೆಯವರಿಗೆ ಗೊತ್ತಾಯಿತು, ಹೇಗೋ. ಆ ತಿಂಗಳು ಅಡುಗೆಯ ಪಾಲು ಕೇಳಲಿಲ್ಲ, ಅಷ್ಟೇ. ತಟ್ಟೆಯಲ್ಲಿ ಎಂದಿಗಿಂತ ದೊಡ್ಡ ಮೀನಿನ ತುಂಡು ಬಿದ್ದಿತ್ತು. ಆ ತುಂಡನ್ನು ತಿನ್ನುವಾಗ ಆದ ನಾಚಿಕೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಎಂದು ಅವನು ಅಲ್ಲಿ ಉಳಿದದ್ದು ಆಸೆಯಿಂದಲೋ, ಊರಿನ ಹೆದರಿಕೆಯಿಂದಲೋ ಅವನಿಗೇ ಗೊತ್ತಿಲ್ಲ.

ನೇತ್ರಾವತಿಯ ಹಳೆ ಸೇತುವೆಯ ಮೇಲೆ ಎದುರಿನ ಗಾಡಿಗೆ ದಾರಿ ಬಿಟ್ಟು ನಿಂತಾಗ ಇಹ್ಸಾನ್ ಹಿಂದೆ ತಿರುಗಿ, "ಅಲ್ಲಿಯ ಲೈಸೆನ್ಸು ಬೇಗ ಆಗ್ತದಾ ಭಾವ?" ಎಂದು ಕೇಳಿದ. ಹೊಳೆ ಕೆಳಗೆ ಸದ್ದಿಲ್ಲದೆ ಹೋಗುತ್ತಿತ್ತು. "ಆಗ್ತದೆ," ಎಂದ ನಿಝಾರ್. ಯಾಕೆ ಹಾಗೆಂದೆ? ಮೂರು ಸಲ ಫೇಲಾದವರನ್ನು ಅವನು ಬಲ್ಲ. ಉತ್ತರ ಗೊತ್ತಿರುವವನ ಗತ್ತು ಬಾಯಿಗೆ ರೂಢಿಯಾಗಿ ಹೋಗಿದೆ, ಕೇಳಿದರೆ ಸಾಕು, ಉದುರುತ್ತದೆ.

ಪಾಣೆಮಂಗಳೂರಿನ ಅಬ್ದುಲ್ ವಹಾಬನ ಅಂಗಡಿಯಲ್ಲಿ ಗಲ್ಫ್ ಪೆಟ್ಟಿಗೆ ಕಟ್ಟುವುದೆಂದರೆ ಅದೊಂದು ವಿದ್ಯೆ. ದಿನಸಿ ವ್ಯಾಪಾರ ಇದ್ದರೂ ಸುತ್ತಲಿನವರು ಅವನನ್ನು ಬಲ್ಲದ್ದು ಹಳದಿ ನೈಲಾನ್ ಹಗ್ಗದಿಂದ. ಅವನು ಕಟ್ಟಿದ ಪೆಟ್ಟಿಗೆ ಯಾವ ವಿಮಾನದಲ್ಲೂ ಬಾಯಿ ಬಿಟ್ಟದ್ದಿಲ್ಲವಂತೆ. ತಕ್ಕಡಿಯ ಮೇಲೆ ಇಟ್ಟೊಡನೆ ಕೆಂಪು ಅಂಕಿಗಳು ಓಡಿ, ಮೂವತ್ತನ್ನು ದಾಟಿ ನಿಂತವು. "ಸ್ವಲ್ಪ ಹೆಚ್ಚುಂಟು, ಅಷ್ಟೆಲ್ಲ ಬಿಡ್ತಾರೆ," ಎಂದ ವಹಾಬ್. "ಇಲ್ಲ, ಬಿಡುದಿಲ್ಲ," ಎಂದು ನಿಝಾರ್ ತಾನೇ ಕೂತು ಮುಚ್ಚಳ ತೆಗೆದ. ಗೋದಾಮಿನಲ್ಲಿ ಹನ್ನೊಂದು ವರ್ಷ ಮಾಡಿದ್ದು ಇದನ್ನೇ, ತೂಕ ನೋಡಿ ಮಾಲು ಒಳಗೆ ಬಿಡುವುದು, ಹೊರಗೆ ನಿಲ್ಲಿಸುವುದು. ಕೈಗೆ ಎಷ್ಟೋ ದಿನದ ಮೇಲೆ ಕೆಲಸ ಸಿಕ್ಕಿತು. ಹುರುಳಿಯಲ್ಲಿ ಅರ್ಧ ತೆಗೆದ. ಚಿಪ್ಸಿನ ಒಂದು ಪೊಟ್ಟಣ ತೆಗೆದ. ಅಂಕಿ ಇಳಿಯಿತು, ಸಾಲಲಿಲ್ಲ. ಪಾತುಮ್ಮನ ಬಾಟಲಿ ತೆಗೆದ. ಈಗ ಸರಿಯಾಯಿತು, ಮೂವತ್ತರ ಮುಂದೆ ಸೊನ್ನೆಗಳು ಸಾಲಾಗಿ ನಿಂತವು. ಅವನಿಗೆ ಒಂದು ಕ್ಷಣ ನಿಜವಾಗಿಯೂ ಸಂತೋಷವಾಯಿತು.

"ಅಯ್ಯೋ ಭಾವ, ಅಜ್ಜಿಯದ್ದನ್ನೇ ತೆಗೆದ್ರಾ? ನಿಮ್ಮ ಒಂದು ಪ್ಯಾಂಟು ಬಿಡಿ," ಎಂದ ಇಹ್ಸಾನ್. "ನಿನಗೆ ಗೊತ್ತಿಲ್ಲ, ಸುಮ್ಮನಿರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗ್ತದೆ. ಗಾಜಿನ ಬಾಟಲಿ ಬೇರೆ." ವಹಾಬ್ ಹಗ್ಗ ಎಳೆಯುತ್ತ ತಲೆಯಾಡಿಸಿದ, "ಹೀಗೆ ಕಟ್ಟುನಿಟ್ಟು ಇರ್ಬೇಕು. ಅದಕ್ಕೇ ಕಂಪೆನಿ ನಿನ್ನನ್ನು ಇಷ್ಟು ವರ್ಷ ಇಟ್ಟುಕೊಂಡದ್ದು." ಪೆಟ್ಟಿಗೆಯ ನಾಲ್ಕು ಮೈಗೂ ದಪ್ಪ ಅಕ್ಷರದಲ್ಲಿ ನಿಝಾರನ ಹೆಸರು, ಊರು, ಫೋನು ಬರೆದ. ನಿಝಾರ್ ಆ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಎಲ್ಲಿಡುವುದೆಂದು ಹೊಳೆಯದೆ ವಹಾಬನಿಗೇ ಕೊಟ್ಟ. "ಒಳ್ಳೆ ಪರಿಮಳ ಉಂಟು," ಎಂದು ವಹಾಬ್ ಅದನ್ನು ಗಲ್ಲಾದ ಕೆಳಗೆ ಇಟ್ಟುಕೊಂಡ. ಈಗಷ್ಟೇ ಆದ ಸಂತೋಷವನ್ನು ನೆನೆದು ನಿಝಾರನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಈ ಕಟ್ಟುನಿಟ್ಟನ್ನು ಕೊಳ್ಳುವವರು ಎಲ್ಲಿದ್ದಾರೆ? ಮೊನ್ನೆ ಸ್ನೇಹಿತನನ್ನು ಕಾಣುವ ನೆಪ ಹೇಳಿ ಮೂಡಬಿದಿರೆಗೆ ಹೋಗಿದ್ದ, ಒಂದು ಪೀಠೋಪಕರಣದ ಮಳಿಗೆಯಲ್ಲಿ ಸ್ಟೋರ್ ನೋಡಿಕೊಳ್ಳಲು ಜನ ಬೇಕೆಂದು ಕೇಳಿ. ಮಾಲೀಕ ತನಗಿಂತ ಎಷ್ಟೋ ಸಣ್ಣವನು, ಎದ್ದು ನಿಂತು ಕೈ ಕುಲುಕಿ, ಚಹಾ ತರಿಸಿ, ಅಂಗಿಯನ್ನೂ ಶೂವನ್ನೂ ನೋಡಿ, "ನಿಮ್ಮಂಥವರಿಗೆ ಕೊಡುವಂಥ ಸಂಬಳ ನಮ್ಮಲ್ಲಿಲ್ಲ, ಬೇಸರ ಮಾಡ್ಕೊಳ್ಬೇಡಿ. ಗಲ್ಫಿನವರು ನಿಲ್ಲುದೂ ಇಲ್ಲ" ಎಂದಿದ್ದ. ಎಷ್ಟಾದರೂ ಸರಿ, ಕೊಡಿ ಎಂದು ಬಾಯಿ ತೆರೆಯಬೇಕಿತ್ತು. ಚಹಾ ಚೆನ್ನಾಗಿದೆ ಎಂದು ಹೇಳಿ ಬಂದಿದ್ದ.

ಪೆಟ್ಟಿಗೆಯನ್ನು ಸಂಜೆ ಕೊಂಡುಹೋಗುವುದೆಂದು ಅಲ್ಲೇ ಬಿಟ್ಟು ಮೇಲ್ಕಾರಿಗೆ ಬಂದರು. ಗಾಡಿಗಳ ಕಾಗದ ಮಾಡಿಸಿಕೊಡುವ ಏಜೆಂಟನ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ರಿಕ್ಷಾ ಕೊಳ್ಳುವವನು ಕಾದಿದ್ದ. ಕಕ್ಕಿಂಜೆಯ ಕುಶಾಲಪ್ಪ ಗೌಡರ ಮಗ ಧನರಾಜ್. ದಪ್ಪ ಕತ್ತು, ಎಣ್ಣೆ ಹಾಕಿ ಬಾಚಿದ ಕೂದಲು. ರಿಕ್ಷಾವನ್ನು ಒಂದು ಸುತ್ತು ಹಾಕಿ, ಟಯರಿಗೆ ಒದ್ದು, ಸಮಾಧಾನದಿಂದ ಬಂದು ಕೂತ. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಮಾತಿಗೆ ನಿಝಾರ್ ಕೇಳಿದ. "ಪುಣೆಯಲ್ಲಿ ಹೋಟೆಲಿನ ಕ್ಯಾಶಿನಲ್ಲಿದ್ದೆ. ಹೋಟೆಲ್ ಮುಚ್ಚಿದ್ರು. ಬೇರೆ ಕಡೆ ಹುಡುಕಿದೆ, ಆಗ್ಲಿಲ್ಲ. ಬಾಡಿಗೆ ಕೊಡ್ಲಿಕ್ಕೂ ಇಲ್ಲದೆ ಆಯ್ತು ಮಾರಾಯ್ರೇ, ಬಂದುಬಿಟ್ಟೆ," ಎಂದ ಧನರಾಜ್. ಚಹಾಕ್ಕೆ ಸಕ್ಕರೆ ಕಡಿಮೆ ಎಂದಷ್ಟೇ ಸಲೀಸಾಗಿ ಹೇಳಿ, ನಿಜವಾಗಿಯೂ ಸಕ್ಕರೆ ಕೇಳಿ ಹಾಕಿಸಿಕೊಂಡ. "ಮನೆಯಲ್ಲಿ ಏನೂ ಹೇಳ್ಲಿಲ್ವಾ?" "ಎಂಥ ಹೇಳುದು? ಅಪ್ಪ ಒಂದು ದಿನ ಮುಖ ಊದಿಸಿಕೊಂಡ್ರು. ಆಮೇಲೆ, ರಬ್ಬರ್ ಟ್ಯಾಪಿಂಗಿಗೆ ಜನ ಇಲ್ಲ, ಬೆಳಿಗ್ಗೆ ಅದು ಮಾಡು, ಮಧ್ಯಾಹ್ನದ ಮೇಲೆ ಏನಾದ್ರೂ ಮಾಡಿಕೋ ಅಂದ್ರು." ಹಾಗೆ ಹೇಳಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

ನಿಝಾರನಿಗೆ ಆ ಮನುಷ್ಯನ ಮೇಲೆ ಕೆಟ್ಟ ಕೋಪ ಬಂತು. ಇಷ್ಟೇ ಆಗಿತ್ತೇ? ಬಂದುಬಿಟ್ಟೆ. ಒಂದು ಪದ, ಒಂದು ಬಿಸ್ಕತ್ತು. ಇವನ ಹೆಸರನ್ನು ಯಾರೂ ಪೆಟ್ಟಿಗೆಯ ನಾಲ್ಕು ಮೈಗೆ ಬರೆದಿಲ್ಲ, ಇವನ ಮನೆಯ ನೆಲದ ಟೈಲ್ಸನ್ನು ನೋಡಿ ಯಾರೂ ಗಾಡಿ ಮಾರಲು ಹೊರಟಿಲ್ಲ, ಅದಕ್ಕೇ ಸುಲಭ ಎಂದು ವಾದಿಸಿಕೊಂಡ. ವಾದ ನಿಲ್ಲಲಿಲ್ಲ. ಪಕ್ಕದಲ್ಲಿ ಇಹ್ಸಾನ್ ಧನರಾಜನನ್ನು ಕನಿಕರದಿಂದ ನೋಡುತ್ತಿದ್ದ, ಸೋತು ಬಂದವನನ್ನು ಗೆಲ್ಲಲು ಹೋಗುವವನು ನೋಡುವ ಕನಿಕರ. ಅದನ್ನು ಕಂಡದ್ದೇ ನಿಝಾರ್ ಎದ್ದು ನಿಂತ. "ಇಹ್ಸಾನ್, ಒಂದು ನಿಮಿಷ ಈಚೆ ಬಾ." ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ನೀರು ಹರಿಯುವಲ್ಲಿ ಇಬ್ಬರೂ ನಿಂತರು. "ನೋಡು, ಸಹಿ ಹಾಕಬೇಡ. ನನಗೆ ಕೆಲಸ ಇಲ್ಲ. ವೀಸಾ ಕ್ಯಾನ್ಸಲ್ ಆಗಿದೆ. ನಾನು ಆದಿತ್ಯವಾರ ಎಲ್ಲಿಗೂ ಹೋಗುದಿಲ್ಲ."

ಇಹ್ಸಾನ್ ಅವನನ್ನು ನೋಡಿದ. ಮೊದಲು ಗಾಬರಿಯಾಯಿತು ಎನಿಸಿತು, ಆದರೆ ಗಾಬರಿ ಮುಖದಲ್ಲಿ ನಿಲ್ಲಲಿಲ್ಲ. ಅದರ ಜಾಗದಲ್ಲಿ ಬೇರೇನೋ ಬಂತು, ನಿಝಾರ್ ನಿರೀಕ್ಷಿಸಿರದ ಒಂದು ಸಣ್ಣ ನೋವು. "ಭಾವ," ಎಂದ ಮೆಲ್ಲಗೆ, "ನಾನು ಬರುದು ನಿಮಗೆ ಭಾರ ಅಂತಾದ್ರೆ ಭಾರ ಅಂತ ಹೇಳಿ. ಅದಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ಬೇಕಾ?"

"ಸುಳ್ಳಲ್ಲ ಮಾರಾಯ."

"ಈಗ ಒಂದು ಗಳಿಗೆ ಮೊದಲು ಅಜ್ಜಿಯ ಬಾಟಲಿ ಹೊರಗೆ ತೆಗ್ದವರು ನೀವು. ಹೋಗದವನು ಹಾಗೆ ತೂಕ ನೋಡ್ತಾನಾ? ನನಗೆ ಅಷ್ಟೂ ತಿಳಿಯುದಿಲ್ವಾ?" ಅವನು ಒಂದು ಹೆಜ್ಜೆ ಹಿಂದೆ ಸರಿದ. "ಉಮ್ಮ ಮೊದಲೇ ಹೇಳಿದ್ರು, ಹತ್ತಿರದವರು ಹೀಗೆ ಮಾಡ್ತಾರೆ ಅಂತ. ನಾನೇ ಜಗಳ ಮಾಡಿದ್ದೆ, ಭಾವ ಹಾಗಲ್ಲ ಅಂತ. ಅನ್ನದ ಮಾತು ಭಾವ, ಕೆಲಸ ಇಲ್ಲ ಅಂತ ಬಾಯಲ್ಲಿ ತರಬಾರದು. ಅಕ್ಕ ಕೇಳಿದ್ರೆ ಹೇಗಾಗಬೇಡ ಅವಳಿಗೆ?"

ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿದೆ, ನಡೆ ತೋರಿಸುತ್ತೇನೆ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತುದಿಯವರೆಗೆ ಬಂತು ಕೂಡ. ಅಷ್ಟರಲ್ಲಿ ಎದೆಯೊಳಗೆ ಏನೋ ಹಗುರಾಗುತ್ತಿರುವುದು ಅವನಿಗೆ ತಿಳಿಯಿತು. ಹೇಳಿಯಾಯಿತು. ನಂಬದಿದ್ದರೆ ಅದು ಅವನ ಕರ್ಮ. ನಾಳೆ ಯಾರೂ ನೀನು ಹೇಳಲಿಲ್ಲ ಎನ್ನುವ ಹಾಗಿಲ್ಲ. ಮನೆಗೆ ಹೋಗಿ ಕಪಾಟು ತೆರೆಯಬೇಕಿಲ್ಲ, ಶಮ್ನಾಳ ಮುಖ ನೋಡಬೇಕಿಲ್ಲ, ಅತ್ತೆಯ ಬಾಯಿಗೆ ಬೀಳಬೇಕಿಲ್ಲ, ಮನೆಮನೆಗೆ ಹೋಗಿ ಪೊಟ್ಟಣ ಹಿಂದಿರುಗಿಸಬೇಕಿಲ್ಲ. ಆ ಹಗುರವನ್ನು ಅವನು ಗುರುತಿಸಿದ. ಎಂಥ ಹೊಲಸು ಅದು ಎಂದೂ ಗುರುತಿಸಿದ. ಗುರುತಿಸಿಯೂ ಅದನ್ನು ಬಿಡಲಾರದೆ ಗಟ್ಟಿಯಾಗಿ ಹಿಡಿದುಕೊಂಡ. ಕೈಯೆತ್ತಿ ಇಹ್ಸಾನನ ಹೆಗಲಿಗೆ ತಟ್ಟಿದ. "ತಮಾಷೆ ಮಾಡಿದ್ದು ಮಾರಾಯ. ನಿನಗೆ ಧೈರ್ಯ ಎಷ್ಟುಂಟು ಅಂತ ನೋಡಿದ್ದು."

ಇಹ್ಸಾನ್ ಉಸಿರು ಬಿಟ್ಟ. ಕಣ್ಣಂಚನ್ನು ತೋಳಿನಿಂದ ಒರಸಿಕೊಂಡು, "ಥತ್, ಎಂಥ ತಮಾಷೆ ಭಾವ! ನನ್ನ ಜೀವವೇ ಹೋಯ್ತು," ಎಂದು ನಕ್ಕ. ಏಜೆಂಟನ ಅಂಗಡಿಯ ಒಳಗೆ ಹೋದವನು ತೋರಿಸಿದಲ್ಲೆಲ್ಲ ಸಹಿ ಹಾಕಿದ. ಸಾಕ್ಷಿಗೆ ಒಬ್ಬರು ಬೇಕು ಎಂದ ಏಜೆಂಟ್. ನಿಝಾರ್ ಪೆನ್ನು ತೆಗೆದುಕೊಂಡು, ಗೋದಾಮಿನಲ್ಲಿ ಹಾಕುತ್ತಿದ್ದ ಹಾಗೆಯೇ ಅಂದವಾಗಿ ತನ್ನ ಹೆಸರು ಬರೆದ. ಇಹ್ಸಾನ್ ಕೀಲಿಗೊಂಚಲಿನಿಂದ ಮನೆಯ ಕೀಲಿಯನ್ನು ಬಿಡಿಸಿಕೊಂಡು ಉಳಿದದ್ದನ್ನು ಧನರಾಜನ ಕೈಗೆ ಕೊಟ್ಟ.

"ಬಸ್ಸಿಗೆ ಯಾಕೆ ಕಾಯ್ತೀರಿ? ಹೇಗೂ ನಾನು ಹೋಗುದು ಅದೇ ದಾರಿ. ನೀವು ಹೇಳಿದ ಆ ಪೆಟ್ಟಿಗೆಯನ್ನೂ ಹಾಕಿಕೊಂಡು ನಿಮ್ಮನ್ನು ಬಿಟ್ಟು ಹೋಗ್ತೇನೆ," ಎಂದ ಧನರಾಜ್. ಇಹ್ಸಾನ್ ಅಭ್ಯಾಸಬಲದಿಂದ ಮುಂದಿನ ಸೀಟಿಗೇ ಕಾಲಿಟ್ಟ, ನಾಚಿಕೊಂಡು ಹಿಂದೆ ಬಂದು ಭಾವನ ಪಕ್ಕ ಕೂತ. ಧನರಾಜ್ ಗೇರು ಹಾಕುವಾಗ ಗಾಡಿ ಒಮ್ಮೆ ನರಳಿತು. "ಎರಡನೆಯದು ಸ್ವಲ್ಪ ಗಟ್ಟಿ ಉಂಟು, ಒತ್ತಿ ಹಾಕಿ," ಎಂದು ಇಹ್ಸಾನ್ ಮುಂದಕ್ಕೆ ಬಾಗಿದ, ಆಮೇಲೆ ಹಿಂದಕ್ಕೆ ಒರಗಿದ. ಪಾಣೆಮಂಗಳೂರಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಹಿಂದಿನ ಜಾಗಕ್ಕೆ ಏರಿಸಿಕೊಂಡು, ಬಂಟ್ವಾಳ ದಾಟಿ ಏರು ಶುರುವಾದ ಮೇಲೆ ನಿಝಾರ್ ಕೆಳಗೆ ನೋಡಿದ. ಒಂದೊಂದು ತಿರುವಿನಲ್ಲೂ ಇಹ್ಸಾನನ ಬಲಗಾಲು ಬರಿಯ ತಗಡನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕು ಇದ್ದ ಹಾಗೆ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟು, ಕಂಬಿ ಹಿಡಿದು, ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ.

"ಹಿಂದೆ ಕೂತವರಿಗೆ ಇಷ್ಟು ಕುಲುಕ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಭಾವ," ಎಂದು ಇಹ್ಸಾನ್ ನಕ್ಕ. ನಗು ಬೇಗ ನಿಂತಿತು. ಹೊರಗೆ ಒಂದು ಶಾಲೆಯ ಗೇಟು, ಬ್ಯಾಗು ಹೊತ್ತ ಮಕ್ಕಳು ಹಿಂದೆ ಸರಿದರು. ಅವನು ಕತ್ತು ತಿರುಗಿಸಿ ಅವರನ್ನು ನೋಡಿದ. "ನನಗೆ ಒಳಗೊಳಗೆ ಸ್ವಲ್ಪ ಹೆದರಿಕೆ ಉಂಟು. ಯಾರಿಗೂ ಹೇಳ್ಬೇಡಿ," ಎಂದ. "ಭಾಷೆ ಗೊತ್ತಿಲ್ಲ, ಜಾಗ ಗೊತ್ತಿಲ್ಲ. ಆದ್ರೂ ಪರವಾಗಿಲ್ಲ. ನಾನು ಇಳಿಯುವಾಗ ನೀವು ಅಲ್ಲಿ ಇರ್ತೀರಲ್ಲ."

"ಇರ್ತೇನೆ," ಎಂದ ನಿಝಾರ್.